ಮಾಜಾಳಿ ದಾಟಿದರೆ ಎರಡೇ ಕೋಲು

ಹೊರನಾಡ ಕನ್ನಡಿಗ ಅಂತ ಹೇಳಿಕೊಳ್ಳಲು ನನಗೆ ಸ್ವಲ್ಪ ನಾಚಿಕೆ. ನಮ್ಮೂರು ಕಾರವಾರದ ಕೋಡಿಬಾಗ. ಈಗಿರುವುದು ಗೋವೆಯ ಮಡಗಾವಿನಲ್ಲಿ. ದುಬೈ, ಅಮೆರಿಕದವರ ಮುಂದೆ ಇದೆಂಥ ಹೊರನಾಡು? ಬೆಳಗಿನ ರೈಲು ಹಿಡಿದರೆ ಅಮ್ಮನ ದೋಸೆ ಹಂಚು ಆರುವುದರೊಳಗೆ ಮನೆಯಲ್ಲಿರುತ್ತೇನೆ. ಅದೇ ಸಮುದ್ರ, ಅದೇ ಬಾಂಗಡೆ, ಹೆಚ್ಚುಕಮ್ಮಿ ಅದೇ ಕೊಂಕಣಿ. ಮಳೆಗಾಲದಲ್ಲಿ ಗೋಡೆಗೆ ಹಿಡಿಯುವ ಬೂಷ್ಟು ಕೂಡ ಅದೇ. ಆದರೆ ಮಾಜಾಳಿ ದಾಟಿ ಗೋವೆಯ ಗಡಿಯ ಪೋಳೆ ಚೆಕ್‌ಪೋಸ್ಟ್ ಬಂತೆಂದರೆ ಒಂದು ವಿಷಯ ಬದಲಾಗುತ್ತದೆ. ಕೊಯ್ಲಾದ ಗದ್ದೆಯಲ್ಲಿ ಈಚೆ ಮೂರು ಕೋಲು ನೆಟ್ಟಿರುತ್ತಾರೆ. ಆಚೆ ಎರಡು.

ಕಾರವಾರದಲ್ಲಿ ಇದಕ್ಕೆ ಒಂದು ರೆಡಿ ಉತ್ತರ ಇದೆ. "ಅವರು ಪೋರ್ಚುಗೀಸರ ಕೈಕೆಳಗೆ ಇದ್ದವರು ಮಾರಾಯ, ಫುಟ್‌ಬಾಲ್ ರಕ್ತದಲ್ಲೇ ಇದೆ." ನಾನೂ ಹಾಗೇ ನಂಬಿದ್ದೆ. ಇಲ್ಲಿಗೆ ಬಂದು ಹದಿನೆಂಟು ವರ್ಷ ಆಯಿತು. ಈಗ ಯಾರಾದರೂ ರಕ್ತದ ಮಾತು ಎತ್ತಿದರೆ ವಾದಕ್ಕೆ ಕೂತುಬಿಡುತ್ತೇನೆ.

ಗೋವೆಗೆ ಫುಟ್‌ಬಾಲ್ ತಂದದ್ದು ಪೋರ್ಚುಗೀಸರಲ್ಲ. 1883ರಲ್ಲಿ ಶಿವೋಲಿ ಎಂಬ ಊರಿಗೆ ಬಂದ ಫಾದರ್ ವಿಲಿಯಂ ರಾಬರ್ಟ್ ಲಯನ್ಸ್ ಎಂಬ ಪಾದ್ರಿ. ಅವರು ಹುಡುಗರಿಗೆ ಪಾಠದ ಜೊತೆ ಚೆಂಡನ್ನೂ ಕೊಟ್ಟರು. ಪೋರ್ಚುಗೀಸರ ಕಾಲದಲ್ಲೇ, 1951ರಲ್ಲಿ, ಲೀಗ್ ಶುರುವಾಯಿತು ಅನ್ನುವುದು ನಿಜ. ಆದರೆ ಬೇರು ಬಿಟ್ಟದ್ದು ಶಾಲೆಯ ಅಂಗಳದಲ್ಲಿ, ಇಗರ್ಜಿಯ ಪಕ್ಕದ ಬಯಲಿನಲ್ಲಿ. ಹಾಗಂತ ಇದು ಕ್ರಿಶ್ಚಿಯನ್ನರ ಆಟ ಅನ್ನುವುದೂ ತಪ್ಪು. ಗೋವೆಯ ಹಳಬರನ್ನು ನಿಮ್ಮ ದೊಡ್ಡ ಗೋಲ್‌ಕೀಪರ್ ಯಾರು ಅಂತ ಕೇಳಿ, ಬ್ರಹ್ಮಾನಂದ ಸಂಖವಾಳ್ಕರ್ ಅನ್ನುತ್ತಾರೆ. ಭಾರತ ತಂಡದ ನಾಯಕರಾಗಿದ್ದವರು, 2022ರಲ್ಲಿ ಪದ್ಮಶ್ರೀ ಬಂದವರು.

ಆಮೇಲೆ ಬಂದದ್ದು ಅದಿರಿನ ದುಡ್ಡು. ಸಾಲಗಾಂವ್ಕರ್, ಡೆಂಪೊ ಅಂದರೆ ನಮ್ಮ ಕಡೆಯವರಿಗೆ ಫುಟ್‌ಬಾಲ್ ಕ್ಲಬ್ಬಿನ ಹೆಸರು. ಇಲ್ಲಿಯವರಿಗೆ ಮೊದಲು ಅವು ಗಣಿ ಕಂಪನಿಯ ಹೆಸರು. ಚೆನ್ನಾಗಿ ಆಡುವ ಹುಡುಗನಿಗೆ ಕಂಪನಿಯಲ್ಲಿ ಕೆಲಸ, ತಿಂಗಳ ಪಗಾರ. ಮನೆಯವರು ಬೈಯುವುದು ಅಲ್ಲಿಗೆ ನಿಲ್ಲುತ್ತಿತ್ತು. 1983ರಲ್ಲಿ ಗೋವಾ ಬಂಗಾಳದ ಜೊತೆ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಹಂಚಿಕೊಂಡಿತು, ಮರುವರ್ಷ ತಾನೊಂದೇ ಗೆದ್ದಿತು. 2007-08ರಿಂದ 2012-13ರವರೆಗೆ ಆಗ ದೇಶದ ದೊಡ್ಡ ಕ್ಲಬ್ ಲೀಗ್ ಆಗಿದ್ದ ಐ-ಲೀಗಿನ ಆರಕ್ಕೆ ಆರೂ ಕಪ್ ಗೋವೆಯ ಕ್ಲಬ್ಬುಗಳಿಗೇ ಬಂದವು: ಡೆಂಪೊಗೆ ಮೂರು, ಚರ್ಚಿಲ್ ಬ್ರದರ್ಸ್‌ಗೆ ಎರಡು, ಸಾಲಗಾಂವ್ಕರ್‌ಗೆ ಒಂದು. ಇಡೀ ಗೋವೆಯ ಜನ ಹದಿನೈದು ಲಕ್ಷದ ಆಸುಪಾಸು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೂ ಹೆಚ್ಚುಕಮ್ಮಿ ಅಷ್ಟೇ ಜನ ಇದ್ದೇವೆ. ಈ ಲೆಕ್ಕ ನೆನಪಾದಾಗಲೆಲ್ಲ ಹೊಟ್ಟೆ ಸ್ವಲ್ಪ ಉರಿಯುತ್ತದೆ.

ಆದರೆ ನನ್ನ ಮಟ್ಟಿಗೆ ಗೋವೆಯ ಫುಟ್‌ಬಾಲ್ ಕಪ್ಪಿನಲ್ಲಿ ಇಲ್ಲ. ಮೇ ತಿಂಗಳ ಗದ್ದೆಯಲ್ಲಿದೆ. ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಅಂಥದೊಂದು ಗದ್ದೆ ಇದೆ. ಸಂಜೆ ನಾಲ್ಕೂವರೆಗೆ ಸ್ಕೂಟರುಗಳು ಸಾಲುಗಟ್ಟುತ್ತವೆ. ಬದುವಿನ ಮೇಲೆ ಪ್ಲಾಸ್ಟಿಕ್ ಕುರ್ಚಿ. ಒಂದು ಮೂಲೆಯಲ್ಲಿ ರೋಸ್ ಆಮ್ಲೆಟ್ ಗಾಡಿ, ಕೋಳಿ ರಸದ ಘಮ ಕಾರ್ನರ್ ಕಿಕ್‌ವರೆಗೂ. ಒಣಗಿದ ಕೂಳೆ ಬೂಟಿಗೆ ಸಿಕ್ಕಿ ಕರಕರ ಅನ್ನುತ್ತಿರುತ್ತದೆ. ಪಂದ್ಯ ಈ ವಾಡೆಯವರಿಗೂ ಆ ವಾಡೆಯವರಿಗೂ. ವಾಡೆ ಅಂದರೆ ಇಲ್ಲಿ ಕೇರಿ. ಹೋದ ವರ್ಷ ನನ್ನ ಪಕ್ಕ ಒಬ್ಬ ಆಂಟಿ ಕೂತಿದ್ದರು. ಎಪ್ಪತ್ತು ದಾಟಿರಬೇಕು. ಹೂವಿನ ಫ್ರಾಕು, ಕೈಯಲ್ಲಿ ಮೀನಿನ ಚೀಲ. ಪೇಟೆಗೆ ಹೋದವರು ಮನೆಗೂ ಹೋಗದೆ ಬಂದಿದ್ದರು. ಅವರ ಕಡೆಯ ಡಿಫೆಂಡರ್ ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಚಂದ ಮಾಡುತ್ತಿದ್ದ. ಆಂಟಿ ಎದ್ದು ನಿಂತು ಕೊಂಕಣಿಯಲ್ಲಿ ಕೂಗಿದರು: ಬಿಡು ಅದನ್ನು, ನಿನ್ನ ಹೆಂಡತಿ ಏನಲ್ಲ! ರೆಫರಿಗೂ ನಗು ತಡೆಯಲಾಗಲಿಲ್ಲ.

ನನಗೆ ನಗುವಿನ ಜೊತೆ ಅಜ್ಜಿ ನೆನಪಾದಳು. ನನ್ನ ಅಜ್ಜಿಮನೆ ಹೊನ್ನಾವರದ ಕಡೆ. ಅಜ್ಜಿ ಚಾಪೆ ಹಿಡಿದು ಆಟಕ್ಕೆ ಹೊರಟರೆ ಬರುವುದು ಬೆಳಗಾದ ಮೇಲೆಯೇ. ಆಟ ಅಂದರೆ ನಮ್ಮಲ್ಲಿ ಯಕ್ಷಗಾನ, ಬೇರೆ ಹೇಳುವುದೇ ಬೇಡ. ಭಾಗವತರು ಪದ ಎಳೆದದ್ದು ಜಾಸ್ತಿಯಾದರೆ ಅವಳಿಗೆ ತಡೆಯುತ್ತಿರಲಿಲ್ಲ. "ಎಳೆದದ್ದು ಸಾಕು, ಕೌರವ ಅಲ್ಲೇ ನಿಂತು ಬೇರು ಬಿಟ್ಟ" ಅಂತ ಗೊಣಗುತ್ತಿದ್ದಳು. ಓದು ಬರಹ ಇಲ್ಲದವಳು. ಆದರೆ ಹೆಜ್ಜೆ ತಪ್ಪಿದರೆ ನಿದ್ದೆಯಲ್ಲೂ ಗೊತ್ತಾಗುತ್ತಿತ್ತು. ಆ ಆಂಟಿಗೂ ನಮ್ಮ ಅಜ್ಜಿಗೂ ವ್ಯತ್ಯಾಸ ಫ್ರಾಕಿನದು ಮಾತ್ರ.

ಅಲ್ಲಿಂದ ನನ್ನ ತಲೆಯಲ್ಲಿ ಈ ಹೋಲಿಕೆ ಕೂತಿದೆ. ಹೊನ್ನಾವರದ ಕಡೆಯ ಗುಣವಂತೆಯಲ್ಲಿ 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಮೇಳ ಕಟ್ಟಿದರು. ಮಗ ಶಂಭು ಹೆಗಡೆ, ಮೊಮ್ಮಗ ಶಿವಾನಂದ ಹೆಗಡೆ ಅಂತ ಒಂದೇ ಮನೆಯವರು ತಲೆಮಾರುಗಟ್ಟಲೆ ಅದನ್ನು ಹೊತ್ತರು. ಘಟ್ಟದ ಮೇಲೆ ಶಿರಸಿ, ಸಿದ್ದಾಪುರಕ್ಕೆ ಹೋದರೆ ಅಡಿಕೆ ಕೊಯ್ಲಿನ ನಡುವೆಯೂ ತಾಳಮದ್ದಳೆ. ಕೂತು ನೋಡುವವರು, ತಪ್ಪು ಹಿಡಿಯುವವರು, ಖರ್ಚು ಹೊರುವವರು, ಊಟ ಹಾಕುವವರು, ಎಲ್ಲ ಇದ್ದರು. ಇದನ್ನು ಯಾರೂ ರಕ್ತ ಅನ್ನುವುದಿಲ್ಲ. ನಾವು ಯಕ್ಷಗಾನಕ್ಕೆ ಮಾಡಿದ್ದನ್ನು ಗೋವೆಯವರು ಫುಟ್‌ಬಾಲ್‌ಗೆ ಮಾಡಿದರು, ಅಷ್ಟೇ.

ಕೋಡಿಬಾಗದಲ್ಲಿ ನಾವು ಆಡಲಿಲ್ಲವಾ? ಆಡಿದೆವು. ಕಾಳಿ ನದಿ ಸಮುದ್ರ ಸೇರುವ ಮರಳಿನ ಮೇಲೆ, ಇಳಿತದ ಹೊತ್ತು ನೋಡಿಕೊಂಡು. ತೆಂಗಿನ ಹೆಡೆ ನೆಟ್ಟರೆ ಗೋಲು. ಭರತ ಏರಿದ ಹಾಗೆ ಮೈದಾನ ಸಣ್ಣದಾಗುತ್ತಿತ್ತು. ಕೊನೆಗೆ ಹತ್ತು ಮಾರು ಅಗಲದಲ್ಲಿ ಹದಿನಾಲ್ಕು ಜನ. ಚೆಂಡು ನದಿಗೆ ಬಿದ್ದರೆ ಸದಾಶಿವಗಡದ ಕಡೆಗೋ ಅರಬ್ಬಿ ಸಮುದ್ರಕ್ಕೋ ಅಂತ ಬೆಟ್ಟು ಕಟ್ಟುತ್ತಿದ್ದೆವು. ಬೂಟು ಒಂದು ಜೊತೆ ಇತ್ತು. ಎಡಗಾಲಿನವನಿಗೆ ಎಡದ್ದು, ಬಲಗಾಲಿನವನಿಗೆ ಬಲದ್ದು. ಮುಂದೆ ಕಾಲೇಜಿಗೆ ಬಂದಾಗ ಮೈದಾನದಲ್ಲಿ ನಿಜವಾದ ಗೋಲು ಕಂಬ ಇತ್ತು. ಒಂದು ರಜೆ ಮುಗಿಸಿ ಬರುವಷ್ಟರಲ್ಲಿ ಕಿತ್ತು ಹಾಕಿದ್ದರು. ಹೊನಲು ಬೆಳಕಿನ ಟೆನಿಸ್ ಬಾಲ್ ಕ್ರಿಕೆಟ್‌ಗೆ ಅಡ್ಡ ಆಗುತ್ತದಂತೆ. ಕಂಬ ಕೊನೆಗೆ ಸೈಕಲ್ ಸ್ಟ್ಯಾಂಡಿನ ಚಪ್ಪರಕ್ಕೆ ಸಿಕ್ಕಿತು. ನಾವು ಯಾರೂ ಬಾಯಿ ತೆರೆಯಲಿಲ್ಲ. ಆ ಕಂಬ ಗೋವೆಯದಾಗಿದ್ದರೆ ಮೀನಿನ ಚೀಲದ ಆಂಟಿ ಸುಮ್ಮನಿರುತ್ತಿದ್ದರಾ?

ಕರ್ನಾಟಕದಲ್ಲಿ ಫುಟ್‌ಬಾಲ್ ಇಲ್ಲ ಅಂತಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತದ ಒಂದೇ ಒಂದು ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಹಳೆಯ ಮೈಸೂರು ತಂಡ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದಿತ್ತು. ಆದರೆ ಅದೆಲ್ಲ ದಂಡಿನ ಬೆಂಗಳೂರಿನ ಆಟ. ನಾವು 1956ರವರೆಗೆ ಮುಂಬೈ ಪ್ರಾಂತ್ಯದವರು. ಬೆಂಗಳೂರು ಇವತ್ತಿಗೂ ನಮಗೆ ಐನೂರು ಕಿ.ಮೀ. ದೂರ. ಗೋವೆಯ ಗಡಿ ಹದಿನೈದು.

ಗೋವೆಯ ಆ ಆರು ವರ್ಷದ ಓಟ ಮುರಿದದ್ದೂ ಬೆಂಗಳೂರಿನವರೇ. 2014ರ ಏಪ್ರಿಲ್‌ನಲ್ಲಿ ಬೆಂಗಳೂರು ಎಫ್‌ಸಿ ಇದೇ ಮಡಗಾವಿನ ಫಾತೋರ್ಡಾದಲ್ಲಿ ಡೆಂಪೊವನ್ನು 4-2ರಲ್ಲಿ ಸೋಲಿಸಿ, ಹುಟ್ಟಿದ ಮೊದಲ ಸೀಸನ್ನಿನಲ್ಲೇ ಐ-ಲೀಗ್ ಎತ್ತಿತು. ಮರುದಿನ ಆಫೀಸಿನಲ್ಲಿ ಎಲ್ಲರೂ ನನಗೆ ಕೈಕುಲುಕಿದರು, ನಾನೇ ಗೋಲು ಹೊಡೆದ ಹಾಗೆ. ಒಳಗೆ ಖುಷಿ ಆಗಿದ್ದು ನಿಜ. ಆದರೆ ಊಟದ ಡಬ್ಬಿ ತೆರೆಯುವಾಗ ಪಕ್ಕದ ಟೇಬಲ್ಲಿನ ಡೆಂಪೊ ಅಭಿಮಾನಿಯ ಮುಖ ನೋಡಲಾಗಲಿಲ್ಲ. ನನ್ನ ಪಾಲಿನ ಒಂದು ತುಂಡು ಬಂಗುಡೆ ಅವನ ತಟ್ಟೆಗೆ ಹಾಕಿದೆ.

ಅಷ್ಟರಲ್ಲಿ ಇಲ್ಲಿಯ ಬುಡವೂ ಅಲುಗಾಡತೊಡಗಿತ್ತು. 2012ರಲ್ಲಿ ಗಣಿ ನಿಂತಿತು. 2016ರಲ್ಲಿ ಡೆಂಪೊ, ಸಾಲಗಾಂವ್ಕರ್, ಸ್ಪೋರ್ಟಿಂಗ್ ಕ್ಲಬ್ ಮೂರೂ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಹೊಸ ಯೋಜನೆ ಒಪ್ಪದೆ ಐ-ಲೀಗ್‌ನಿಂದ ಹೊರಬಂದವು. ಬರೀ ರಕ್ತದಲ್ಲಿ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ, ಅಲ್ವಾ? ಗದ್ದೆಯ ಟೂರ್ನಮೆಂಟು ಮಾತ್ರ ನಿಂತಿಲ್ಲ. ಅದಕ್ಕೆ ಅದಿರು ಬೇಕಿಲ್ಲ, ವಾಡೆಯ ಮಾನ ಸಾಕು.

ಕಳೆದ ಚೌತಿಗೆ ಊರಿಗೆ ಹೋದಾಗ ಅಕ್ಕ ಒಂದು ದೂರು ಇಟ್ಟುಕೊಂಡಿದ್ದಳು. ಅವಳ ಮಗ ಭಾನುವಾರ ಬಂದರೆ ಬೈಕ್ ಹತ್ತಿ ಗೋವೆಯ ಕಾಣಕೋಣಕ್ಕೆ ಓಡುತ್ತಾನಂತೆ. ಅಲ್ಲಿಯ ಒಂದು ವಾಡೆಯವರು ಅವನನ್ನು ರೈಟ್ ಬ್ಯಾಕ್ ಆಡಿಸುತ್ತಾರಂತೆ. ನನ್ನೆದುರಿಗೇ ಅವನನ್ನು ಕೇಳಿದಳು.

"ಅಷ್ಟು ದೂರ ಹೋಗ್ತೀಯಲ್ಲ, ಎಷ್ಟು ಕೊಡ್ತಾರೆ?"

"ದುಡ್ಡಿಲ್ಲ. ಬಿರಿಯಾನಿ ಕೊಡ್ತಾರೆ."

"ಸೋತರೆ?"

"ಸೋತರೂ ಕೊಡ್ತಾರೆ ಅಮ್ಮ. ಬೈದು ಕೊಡ್ತಾರೆ."