ಎಚ್ಚರಿಕೆಯ ಸಾಲಿಗೆ ನಾಲ್ಕೂವರೆ ಸ್ಟಾರ್

ಈಚೆಗೆ ಮನೆಯಲ್ಲಿ ಕುಳಿತು ನೋಡಿದ ಚಿತ್ರಗಳಲ್ಲಿ, ಧಾರಾವಾಹಿಗಳಲ್ಲಿ ನನಗೆ ಬಹಳ ಹಿಡಿಸಿದ ಅಭಿನಯ ಪರದೆಯ ತಳದಲ್ಲಿ ಮೂಡುವ ಎಚ್ಚರಿಕೆಯ ಸಾಲಿನದು. ಅದಕ್ಕೆ ಕಾಲ್‌ಶೀಟಿನ ತೊಂದರೆಯಿಲ್ಲ, ಸಂಭಾವನೆಯ ತಕರಾರಿಲ್ಲ, ಅಭಿಮಾನಿ ಸಂಘವಂತೂ ಇಲ್ಲವೇ ಇಲ್ಲ. ನಾಯಕಿಗಿಂತ ಹೆಚ್ಚು ಹೊತ್ತು ಪರದೆಯ ಮೇಲಿರುತ್ತದೆ. ಕಥೆಗಾರನ ದಯೆಯಿಂದ, ಅವಳಿಗಿಂತ ಹೆಚ್ಚು ಅರ್ಥವಿರುವ ಮಾತನ್ನೂ ಆಡುತ್ತದೆ. ಛಾಯಾಗ್ರಹಣ ಸೊಗಸಾಗಿದೆ, ದ್ವಿತೀಯಾರ್ಧ ಎಳೆದಂತಿದೆ ಎಂದು ಬರೆಯುವ ವಿಮರ್ಶಕರು ಈ ಕಲಾವಿದನ ಬಗ್ಗೆ ಒಂದಕ್ಷರ ಬರೆದದ್ದನ್ನು ನಾನು ಕಾಣೆ. ಹಾಗಾಗಿ ಆ ಕೆಲಸ ಸೋಫಾದ ಮೇಲಿನ ನನ್ನ ಪಾಲಿಗೆ ಬಂದಿದೆ.

ಮೊದಲು ಪ್ಯಾನ್ ಇಂಡಿಯಾ ಚಿತ್ರ. ಯಾವುದೆಂದು ಕೇಳಬೇಡಿ, ಎಲ್ಲವೂ ಅದೇ. ಹಾಳು ಗೋದಾಮು, ಅರೆಬೆಳಕು, ಗಡ್ಡದ ನಾಯಕ, ಕೈಯಲ್ಲಿ ಕೊಡಲಿ. ಎದುರಿಗೆ ಒಂದು ಗ್ರಾಮ ಪಂಚಾಯಿತಿಯ ಮತದಾರರ ಪಟ್ಟಿಗೆ ಸಾಲುವಷ್ಟು ಜನ. ಕೈ ಬೀಳುತ್ತದೆ, ಕಾಲು ಬೀಳುತ್ತದೆ, ಒಂದು ತಲೆ ಕ್ಯಾಮೆರಾದ ಕಡೆಗೇ ಉರುಳಿ ಬರುತ್ತದೆ. ಪರದೆಯ ತಳ ಖಾಲಿ. ಎಲ್ಲ ಮುಗಿದ ಮೇಲೆ ನಾಯಕ ಹೆಣಗಳ ಮೇಲೆ ಕುಳಿತು ಒಂದು ಸಿಗರೇಟು ಹೊತ್ತಿಸುತ್ತಾನೆ. ತಕ್ಷಣ ಸರ್ಕಾರಕ್ಕೆ ಎಚ್ಚರವಾಗುತ್ತದೆ: ತಂಬಾಕು ಕ್ಯಾನ್ಸರ್‌ಗೆ ಕಾರಣ. ಅಷ್ಟು ಜನರನ್ನು ಕೊಚ್ಚಿದವನ ಶ್ವಾಸಕೋಶದ ಬಗ್ಗೆ ಇಷ್ಟೊಂದು ಕಾಳಜಿ ಇರುವ ದೇಶ ಬೇರೆಲ್ಲಾದರೂ ಇದೆಯೇ?

ಈ ಸಾಲಿಗೆ ದೊಡ್ಡ ಪಾತ್ರ ಸಿಕ್ಕಿದ್ದು 2012ರ ಅಕ್ಟೋಬರ್ 2ರಂದು. ಗಾಂಧಿ ಜಯಂತಿಯಂದು ಜಾರಿಯಾದ ನಿಯಮದಂತೆ ತಂಬಾಕು ಕಾಣಿಸುವ ಚಿತ್ರದ ಆರಂಭದಲ್ಲಿ ಮತ್ತು ನಡುವೆ ಮೂವತ್ತು ಸೆಕೆಂಡಿನ ಆರೋಗ್ಯ ಸಂದೇಶ ಬೇಕು, ಅದರ ಜೊತೆ ಇಪ್ಪತ್ತು ಸೆಕೆಂಡಿನ ಪ್ರಕಟಣೆ ಬೇಕು, ದೃಶ್ಯ ನಡೆಯುತ್ತಿರುವಷ್ಟು ಹೊತ್ತು ತಳದಲ್ಲಿ ಸಾಲು ಬೇಕು. ಸೇದಬೇಕೆಂದೇನೂ ಇಲ್ಲ, ತಂಬಾಕಿನ ಪದಾರ್ಥ ಕಂಡರೂ ಸಾಕು. ಆದ್ದರಿಂದ ಬೀಡಾ ಅಂಗಡಿಯ ಮುಂದೆ ನಾಯಕಿ ಪ್ರೇಮಭಂಗದಿಂದ ಬಿಕ್ಕುತ್ತಿರುವಾಗ, ಅವಳ ಹಿಂದೆ ಒಂದು ಪೊಟ್ಟಣ ತೂಗಿದ್ದಕ್ಕೆ, ಕಣ್ಣೀರಿನ ಕೆಳಗೆ ಕ್ಯಾನ್ಸರ್ ಬರುತ್ತದೆ. ಪ್ರೇಕ್ಷಕ ಕ್ಷಣಕಾಲ ಇದನ್ನು ಕಥೆಯ ತಿರುವೆಂದೇ ಭಾವಿಸುತ್ತಾನೆ. ಹಾಗೆ ನೋಡಿದರೆ ಆ ಚಿತ್ರಕ್ಕಿದ್ದ ಒಂದೇ ತಿರುವು ಅದು.

ಸಾಲಿನ ತಾಕತ್ತು ಎಷ್ಟೆಂದರೆ ಹಾಲಿವುಡ್ ಕೂಡ ಇದರ ಮುಂದೆ ನಿಲ್ಲಲಿಲ್ಲ. 2013ರಲ್ಲಿ ನಿರ್ದೇಶಕ ವುಡಿ ಅಲೆನ್ ತನ್ನ ‘ಬ್ಲೂ ಜಾಸ್ಮಿನ್’ ಚಿತ್ರದ ಮೇಲೆ ಇಂಥ ಬರಹ ಹಾಕಲು ಒಪ್ಪದೆ ಭಾರತದ ಬಿಡುಗಡೆಯನ್ನೇ ಕೈಬಿಟ್ಟ. ನಮ್ಮವರು ಒಪ್ಪಿಕೊಂಡರು, ಬೆಳೆದರು. 2023ರ ಸೆಪ್ಟೆಂಬರ್ 1ರಿಂದ ಒಟಿಟಿಗೂ ಇದು ಕಡ್ಡಾಯ. ಬಿಳಿಯ ಪಟ್ಟಿಯ ಮೇಲೆ ಕಪ್ಪು ಅಕ್ಷರ, ಕಾರ್ಯಕ್ರಮ ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ. ಕನ್ನಡಕ್ಕೆ ಡಬ್ ಆದ ಸರಣಿಗಳಲ್ಲಿ ಪಾತ್ರಗಳು ಆಡುವ ಕನ್ನಡವನ್ನು ಕೇಳಿದವರಿಗೆ ಗೊತ್ತು, ಅಲ್ಲಿ ವ್ಯಾಕರಣಶುದ್ಧವಾದ ವಾಕ್ಯ ಇದೊಂದೇ.

ಆರೋಗ್ಯ ಸಚಿವಾಲಯ ಹೀಗೆ ಸಿನಿಮಾದ ತಳ ಕಾಯುತ್ತಿದ್ದರೆ, ವಾಣಿಜ್ಯ ಸಚಿವಾಲಯದ ಅಧೀನದ ತಂಬಾಕು ಮಂಡಳಿ ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಹರಾಜು ನಡೆಸುತ್ತದೆ. ರೈತ ಎಷ್ಟು ಬೆಳೆಯಬೇಕೆಂದು ಒಬ್ಬರು ಲೆಕ್ಕ ಹಾಕಿಕೊಡುತ್ತಾರೆ, ಬೆಳೆದದ್ದನ್ನು ಸೇದಬೇಡಿ ಎಂದು ಇನ್ನೊಬ್ಬರು ಬರೆಸುತ್ತಾರೆ. ಹರಾಜು ಕಟ್ಟೆಯ ತಳದಲ್ಲಿ ಬಿಳಿಯ ಪಟ್ಟಿಯೇನೂ ಇಲ್ಲ.

ಮದ್ಯದ ಸಾಲಿಗೆ ನಾನು ಅರ್ಧ ಸ್ಟಾರ್ ಕಡಿಮೆ ಕೊಡುತ್ತೇನೆ, ಅಭಿನಯದಲ್ಲಿ ಪ್ರಾಮಾಣಿಕತೆ ಸಾಲದು. ನಾಯಕ ಬಾರಿನಲ್ಲಿ ಮೇಜು ಹತ್ತಿ ಕುಣಿಯುತ್ತಾನೆ, ಮದ್ಯಪಾನ ಆರೋಗ್ಯಕ್ಕೆ ಹಾನಿಕರ ಎಂದು ತಳ ಹೇಳುತ್ತದೆ. ಅದೇ ಹೊತ್ತಿಗೆ ರಾಜ್ಯ ಸರ್ಕಾರ 2025-26ರ ಬಜೆಟ್‌ನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕೆಂದು ಗುರಿ ಇಟ್ಟುಕೊಂಡಿರುತ್ತದೆ. ಸಾಲನ್ನು ಓದಿ ಜನ ನಿಜಕ್ಕೂ ಪಾಲಿಸಿಬಿಟ್ಟರೆ ಗ್ಯಾರಂಟಿಗಳ ಗತಿಯೇನು? ಬಹುಶಃ ಅದಕ್ಕೇ ಆ ಅಕ್ಷರಗಳನ್ನು ಅಷ್ಟು ಸಣ್ಣದಾಗಿ ಬರೆಸಿರುತ್ತಾರೆ.

ಜಾಹೀರಾತಿನ ವಿರಾಮಕ್ಕೆ ಬನ್ನಿ. ಚಿತ್ರದಲ್ಲಿ ಸಿಗರೇಟು ಹಿಡಿದು ಸಾಲಿನ ಕೈಯಲ್ಲಿ ಬೈಸಿಕೊಂಡ ತಾರೆಯೇ ವಿರಾಮದಲ್ಲಿ ಸೂಟು ತೊಟ್ಟು ಬಂದು ಏಲಕ್ಕಿ ತಿನ್ನುತ್ತಾನೆ. ಬರಿಯ ಏಲಕ್ಕಿ. ಆ ಏಲಕ್ಕಿಯ ಹೆಸರು, ಬಣ್ಣ, ಅಕ್ಷರಗಳ ಬಳುಕು ಎಲ್ಲವೂ ಬೀಡಾ ಅಂಗಡಿಯಲ್ಲಿ ಮಾಲೆಯಾಗಿ ತೂಗುವ ಇನ್ನೊಂದು ಸರಕನ್ನು ಹೋಲುತ್ತವೆ ಎಂದರೆ ಅದು ನಿಮ್ಮ ಕಣ್ಣಿನ ದೋಷ. ತಂಬಾಕಿನ ಜಾಹೀರಾತನ್ನು 2003ರ ಕಾಯ್ದೆಯೇ ನಿಷೇಧಿಸಿದೆ, ತಂಬಾಕು ಬೆರೆತ ಗುಟ್ಕಾವನ್ನು ಕರ್ನಾಟಕ 2013ರಲ್ಲೇ ನಿಷೇಧಿಸಿತು. ಏಲಕ್ಕಿಯ ಮೇಲೆ ಯಾರ ಮುನಿಸೂ ಇಲ್ಲ. ಏಲಕ್ಕಿ ಹಾರಕ್ಕೆ ಹೆಸರಾದ ಹಾವೇರಿಯವರು ಒಮ್ಮೆಯೂ ಹೆಲಿಕಾಪ್ಟರಿನಿಂದ ಇಳಿದು ತಮ್ಮ ಸರಕನ್ನು ಮಾರಿದ್ದಿಲ್ಲ, ಪಾಪ. ಈ ಮೂವತ್ತು ಸೆಕೆಂಡುಗಳಲ್ಲಿ ತಳದ ಸಾಲು ಎಲ್ಲಿ ಹೋಗಿರುತ್ತದೆ? ಅದಕ್ಕೂ ಚಹಾ ವಿರಾಮ ಇರಬೇಕಲ್ಲ.

ಸಂಜೆ ರಿಮೋಟು ಅಮ್ಮನ ಕೈಗೆ ಹೋಗುತ್ತದೆ, ಧಾರಾವಾಹಿಯಲ್ಲಿ ಚಿಕ್ಕತ್ತೆ ಸೊಸೆಯ ಮೇಲೆ ಮಾಟ ಮಾಡಿಸುತ್ತಾಳೆ. ಕೆಂಪು ದೀಪ, ಹೊಗೆ, ಗೊಂಬೆಗೆ ಸೂಜಿ, ಬಟ್ಟಲ ತುಂಬ ನಿಂಬೆಹಣ್ಣು. ಒಂದು ಸೂಜಿ ಚುಚ್ಚಲು ಸೋಮವಾರದಿಂದ ಬುಧವಾರದವರೆಗೆ ಹಿಡಿಯುತ್ತದೆ. ಅಷ್ಟೂ ದಿನ ತಳದ ಸಾಲು ನಿಷ್ಠೆಯಿಂದ ಹರಿಯುತ್ತಿರುತ್ತದೆ.

“ಅದೇನೋ ಬರೆದಿದ್ದಾರಲ್ಲ, ಸ್ವಲ್ಪ ಓದಪ್ಪ” ಎಂದು ಅಮ್ಮ ಕೇಳಿದರು.

“ಈ ವಾಹಿನಿ ಮೂಢನಂಬಿಕೆಯನ್ನು ಪ್ರೋತ್ಸಾಹಿಸುವುದಿಲ್ಲವಂತೆ.”

“ಅದು ಇರಲಿ. ನಿಂಬೆಹಣ್ಣು ಏಳೋ ಒಂಬತ್ತೋ, ಸರಿಯಾಗಿ ನೋಡಿ ಹೇಳು.”

ಮಾಟಮಂತ್ರವನ್ನು ತಡೆಯಲು ಕರ್ನಾಟಕದಲ್ಲಿ ಕಾಯ್ದೆಯೇ ಇದೆ. 2017ರಲ್ಲಿ ಅಂಗೀಕಾರವಾಗಿ 2020ರಲ್ಲಿ ಜಾರಿಗೆ ಬಂತು. ಜ್ಯೋತಿಷ್ಯ ಮತ್ತು ವಾಸ್ತುವನ್ನು ಅದರಿಂದ ಹೊರಗಿಟ್ಟಿದ್ದಾರೆ. ಹಾಗಾಗಿ ವಾಹಿನಿಯ ದಿನಚರಿ ಹೀಗೆ: ಬೆಳಿಗ್ಗೆ ಗುರೂಜಿಯೊಬ್ಬರು ಶನಿಗೆ ಎಳ್ಳು, ರಾಹುವಿಗೆ ಉದ್ದು ಎಂದು ಫೋನಿನಲ್ಲೇ ಚೀಟಿ ಬರೆದುಕೊಡುತ್ತಾರೆ, ತಳದಲ್ಲಿ ಅವರ ಮೊಬೈಲ್ ಸಂಖ್ಯೆ ಬರುತ್ತದೆ. ರಾತ್ರಿ ಚಿಕ್ಕತ್ತೆ ಅದೇ ಎಳ್ಳಿನಿಂದ ಕೆಲಸ ಕೆಡಿಸುತ್ತಾಳೆ, ತಳದಲ್ಲಿ ಎಚ್ಚರಿಕೆ ಬರುತ್ತದೆ. ಎಳ್ಳಿನ ನೈತಿಕತೆ ಅದು ಪ್ರಸಾರವಾಗುವ ವೇಳೆಯ ಮೇಲೆ ನಿಂತಿದೆ.

ಪ್ರಾಣಿಗಳ ಸಾಲಿನ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಗೋಡೆಗೆ ಬಳಿದ ಸುಣ್ಣದ ಹಾಗೆ ಮೈಮೇಲೆ ಪಟ್ಟೆಗಳು ಮೆತ್ತಿಕೊಂಡಿರುವ ಒಂದು ಹುಲಿ, ನೆಲಕ್ಕೆ ಪಾದ ತಾಗಿಸದೆ ಓಡಿಬರುವಾಗ, ಇದು ಗ್ರಾಫಿಕ್ಸ್ ಎಂದು ಬರೆದು ತಿಳಿಸುವ ವಿನಯ ದೊಡ್ಡದು. ನಾವೆಲ್ಲ ಹೆದರಿ ಅರಣ್ಯ ಇಲಾಖೆಗೆ ಫೋನ್ ಮಾಡುವವರಿದ್ದೆವು.

ನನ್ನ ಮಟ್ಟಿಗೆ ಅತ್ಯಂತ ಹಿರಿಯ ಕಲಾವಿದನೆಂದರೆ “ಪಾತ್ರಗಳೆಲ್ಲ ಕಾಲ್ಪನಿಕ, ಜೀವಂತ ಅಥವಾ ಮೃತ ವ್ಯಕ್ತಿಗಳಿಗೆ ಹೋಲಿಕೆ ಕಂಡರೆ ಕೇವಲ ಕಾಕತಾಳೀಯ” ಎಂಬ ಸಾಲು. ಇದರ ಮನೆತನ ದೊಡ್ಡದು. ರಷ್ಯಾದ ರಾಜಕುಮಾರ ಫೆಲಿಕ್ಸ್ ಯೂಸುಪೋವ್ 1916ರಲ್ಲಿ, ಅಲ್ಲಿನ ರಾಜಮನೆತನದ ಮೇಲೆ ಭಾರಿ ಪ್ರಭಾವವಿದ್ದ ಸಾಧು ರಾಸ್ಪುಟಿನ್‌ನನ್ನು ಕೊಂದವರಲ್ಲಿ ಒಬ್ಬ. 1932ರಲ್ಲಿ ಹಾಲಿವುಡ್ಡಿನ ಎಂಜಿಎಂ ಸಂಸ್ಥೆ ಆ ಕಥೆಯನ್ನು ಚಿತ್ರ ಮಾಡಿತು, ಪಾತ್ರಗಳಲ್ಲಿ ಕೆಲವರು ಇನ್ನೂ ಬದುಕಿದ್ದಾರೆ ಎಂದು ಆರಂಭದಲ್ಲೇ ಹೆಮ್ಮೆಯಿಂದ ಬರೆಯಿತು. ಬದುಕಿದ್ದವರು ನೇರ ಲಂಡನ್ನಿನ ನ್ಯಾಯಾಲಯಕ್ಕೆ ಹೋದರು. ಯೂಸುಪೋವ್‌ಗೆ ಕೊಲೆಯ ಬಗ್ಗೆ ಸಂಕೋಚವಿರಲಿಲ್ಲ, ಅದನ್ನು ಆತನೇ ಪುಸ್ತಕ ಬರೆದು ಹೇಳಿಕೊಂಡಿದ್ದ. ಮೊಕದ್ದಮೆ ಹೂಡಿದ್ದು ಹೆಂಡತಿ ಐರಿನಾ. ರಾಸ್ಪುಟಿನ್ನಿನಿಂದ ಶೀಲ ಕಳೆದುಕೊಂಡಂತೆ ತೋರಿಸಿದ ಪಾತ್ರ ತನ್ನದೇ ಎಂದು ಜನ ತಿಳಿಯುತ್ತಾರೆ ಎಂಬುದು ಆಕೆಯ ವಾದ. 1934ರಲ್ಲಿ ಆಕೆಗೆ 25,000 ಪೌಂಡ್ ಪರಿಹಾರ ಸಿಕ್ಕಿತು. ಅಂದಿನಿಂದ ಸ್ಟುಡಿಯೋಗಳು ಯಾರೂ ಬದುಕಿಲ್ಲ, ಯಾರೂ ಸತ್ತಿಲ್ಲ, ಏನೂ ನಡೆದಿಲ್ಲ ಎಂದು ಬರೆದುಕೊಳ್ಳತೊಡಗಿದವು.

ರಾಜಕುಮಾರಿಯ ಮಾನ ಕಾಯಲು ಹುಟ್ಟಿದ ಆ ಸಾಲು ಈಗ ನಮ್ಮ ಧಾರಾವಾಹಿಗಳಲ್ಲಿ ಜೀವನ ಸಾಗಿಸುತ್ತಿದೆ. ಪಾಪ, ಅದರ ಕಷ್ಟ ಯಾರಿಗೆ ಬೇಕು! “ಜೀವಂತ ಅಥವಾ ಮೃತ” ಎಂದು ಹೇಳುವುದು ಸುಲಭ, ಆದರೆ ಇಲ್ಲಿ ಸಂಚಿಕೆಯ ಕೊನೆಗೆ ಯಾರು ಜೀವಂತ, ಯಾರು ಮೃತ ಎಂದು ಪಾತ್ರಗಳಿಗೇ ತಿಳಿದಿರುವುದಿಲ್ಲ. ಬೆಟ್ಟದಿಂದ ಬಿದ್ದವಳು ವೈಕುಂಠ ಸಮಾರಾಧನೆಯ ದಿನ ಬೇರೆ ಮುಖ ಹೊತ್ತು ಬರುತ್ತಾಳೆ, ಪ್ಲಾಸ್ಟಿಕ್ ಸರ್ಜರಿಯಂತೆ. ಗಂಡನಿಗೆ ಗುರುತು ಸಿಗುವುದಿಲ್ಲ, ನಾಯಿಗೆ ಸಿಗುತ್ತದೆ. ಚಲನಚಿತ್ರಗಳದ್ದು ಇನ್ನೊಂದು ಬಗೆ. ಪೋಸ್ಟರಿನ ಮೇಲೆ “ನೈಜ ಘಟನೆಯನ್ನು ಆಧರಿಸಿದ ಚಿತ್ರ” ಎಂದು ದಪ್ಪ ಅಕ್ಷರ, ಪರದೆಯ ಮೇಲೆ “ಸಂಪೂರ್ಣ ಕಾಲ್ಪನಿಕ” ಎಂಬ ಮೊದಲ ಫಲಕ. ಟಿಕೆಟ್ ಕೊಳ್ಳುವವರೆಗೆ ಸತ್ಯ, ಕೊಂಡ ಮೇಲೆ ಕಲ್ಪನೆ.

ವಯಸ್ಸಿನ ಪ್ರಮಾಣಪತ್ರವೂ ಈಗ ವಿಸ್ತಾರವಾಗಿದೆ. ಹಿರಿಯರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದು ಎನ್ನುವ, ಮೊದಲಿದ್ದ ಒಂದೇ ಯು/ಎ ಈಗ ಏಳು, ಹದಿಮೂರು, ಹದಿನಾರು ವರ್ಷ ಮೇಲ್ಪಟ್ಟವರಿಗೆ ಎಂದು ಮೂರು ಕವಲಾಗಿದೆ. ಮನೆಯಲ್ಲಿ ಹಾಲ್ ಇರುವುದು ಒಂದು, ಟಿವಿ ಒಂದು, ಅದರ ಮುಂದೆ ಐದು ವರ್ಷದಿಂದ ಎಂಬತ್ತರವರೆಗಿನವರು ಒಂದೇ ಚಾಪೆಯ ಮೇಲೆ. ಮುತ್ತಿನ ದೃಶ್ಯ ಬಂದರೆ ಎಲ್ಲರಿಗೂ ಏಕಕಾಲಕ್ಕೆ ಬಾಯಾರಿಕೆಯಾಗಿ ಅಡುಗೆಮನೆಯ ಕಡೆ ಏಳುತ್ತಾರೆ. ಕೊಡಲಿಯ ದೃಶ್ಯಕ್ಕೆ ಯಾರೂ ಏಳುವುದಿಲ್ಲ, ಮಗುವಿಗೆ ತುತ್ತು ಇಡುವುದೂ ಆಗಲೇ.

ಇಷ್ಟೆಲ್ಲ ದುಡಿಯುವ ಈ ಸಾಲಿಗೆ ರಾಜ್ಯ ಚಲನಚಿತ್ರ ಪ್ರಶಸ್ತಿಯಲ್ಲಿ ಅತ್ಯುತ್ತಮ ಪೋಷಕ ನಟನ ಗೌರವ ಸಲ್ಲಬೇಕೆಂದು ನಾನು ವಾರ್ತಾ ಇಲಾಖೆಗೆ ಮನವಿ ಬರೆದಿಟ್ಟಿದ್ದೇನೆ. ಕಳುಹಿಸಲು ಅವಸರವಿಲ್ಲ. 2019ರ ಪ್ರಶಸ್ತಿಗಳು ಪ್ರಕಟವಾದದ್ದು 2025ರ ಜನವರಿಯಲ್ಲಿ. ಅತ್ಯುತ್ತಮ ನಟನೆಂದು ಆರಿಸಿದ ಸುದೀಪ್ ಅದನ್ನೂ ಬೇಡವೆಂದರು. ನಮ್ಮ ಸಾಲು ಹಾಗೆಲ್ಲ ಬೇಡವೆನ್ನುವ ಪೈಕಿಯಲ್ಲ, ಕರೆದರೆ ವೇದಿಕೆಗೂ ಬರುತ್ತದೆ, ಮುಖ್ಯಮಂತ್ರಿಗಳ ಕಾಲ ಬುಡದಲ್ಲೇ ನಿಂತು ಫೋಟೊ ತೆಗೆಸಿಕೊಳ್ಳುತ್ತದೆ.