ಹುಬ್ಬು ಉದುರ್ತಿದ್ರೆ ಮೊದಲು ಡಾಕ್ಟರಿಗೆ ತೋರಿಸಿ

ಹುಬ್ಬಿನ ಕೂದಲು ಉದುರ್ತಿದೆ ಅಂತ ಯಾರಾದರೂ ಬಾಯಿಬಿಟ್ಟರೆ ಸಾಕು, ‘ರಾತ್ರಿ ಹರಳೆಣ್ಣೆ ಹಚ್ಚಿ ಮಲಗು’ ಅಂತ ಸಲಹೆ ಬಂದೇಬಿಡುತ್ತೆ. ಇಲ್ಲದಿದ್ರೆ ಪೆನ್ಸಿಲ್‌ನಲ್ಲಿ ತಿದ್ದಿಕೊಳ್ಳೋದು. ಯಾಕೆ ಉದುರ್ತಿದೆ ಅಂತ ಕೇಳೋರೇ ಇಲ್ಲ. ನನ್ನ ತಕರಾರು ಇದೇ.

ವರ್ಷಗಟ್ಟಲೆ ಥ್ರೆಡ್ಡಿಂಗ್ ಮಾಡಿಸಿ ಬುಡ ಸೋತಿರಬಹುದು. ಅಲರ್ಜಿಯಾಗಿ ಉಜ್ಜಿ ಉಜ್ಜಿ ಹೋಗಿರಬಹುದು. ಒಂದೇ ಕಡೆ ಇದ್ದಕ್ಕಿದ್ದಂತೆ ನುಣ್ಣಗಾಗಿದ್ದರೆ ಅಲೊಪೇಷಿಯಾ ಏರಿಯೇಟಾ ಇರಬಹುದು, ದೇಹದ ರಕ್ಷಣಾ ವ್ಯವಸ್ಥೆಯೇ ಕೂದಲ ಬುಡದ ಮೇಲೆ ತಿರುಗಿಬೀಳೋ ಕಾಯಿಲೆ ಅದು. ಮುಟ್ಟು ನಿಂತ ಹೆಂಗಸರಿಗೆ ಹುಬ್ಬಿನ ಜೊತೆ ಹಣೆಯ ಅಂಚಿನ ಕೂದಲೂ ಹಿಂದೆ ಸರೀತಿದ್ದರೆ ತಡ ಮಾಡಲೇಬಾರದು. ಅದರಲ್ಲಿ ಬುಡವೇ ಸತ್ತುಹೋದರೆ ಕೂದಲು ಮತ್ತೆ ಬರೋದಿಲ್ಲ.

ಕಿವಿ ಕಡೆಗಿನ ತುದಿ, ಹೆಚ್ಚುಕಡಿಮೆ ಮೂರನೇ ಒಂದು ಭಾಗ ತೆಳ್ಳಗಾಗಿದ್ದರೆ ಡಾಕ್ಟರುಗಳು ಥೈರಾಯ್ಡ್ ಕಡೆ ನೋಡ್ತಾರೆ. ಜೊತೆಗೆ ಸುಸ್ತು, ಮಲಬದ್ಧತೆ, ಚಳಿ ತಡೆಯೋಕಾಗದಿರೋದು ಇದ್ದರೆ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಿ. ತೋರಿಸೋಕೆ ಹೋಗುವ ದಿನ ಮಾತ್ರ ಹುಬ್ಬು ತಿದ್ದಿಕೊಂಡು ಹೋಗಬೇಡಿ.

ಇನ್ನು, ಹೇಳೋಕೇ ಎಲ್ಲರೂ ಹಿಂಜರಿಯುವ ಕಾರಣ, ಕುಷ್ಠ. ಹುಬ್ಬಿನ ಹೊರತುದಿ ಉದುರೋದು ಅದರಲ್ಲೂ ಉಂಟು. ಕಿವಿಯ ಹಾಲೆ ದಪ್ಪಗಾಗೋದು, ಮುಖದ ಚರ್ಮ ಮಿರುಗೋದು, ಕೈಕಾಲು ಜೋಮು ಹಿಡಿಯೋದು ಜೊತೆಗಿರಬಹುದು. ‘ಅದೆಲ್ಲ ಹಳೇ ಕಾಲದ್ದು’ ಅನ್ನಬೇಡಿ. ಪ್ರಪಂಚದಲ್ಲಿ ಪ್ರತಿ ವರ್ಷ ಪತ್ತೆಯಾಗುವ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಮ್ಮ ದೇಶದವರು. ಇದು ಪಾಪದ ಫಲವಲ್ಲ. ಬ್ಯಾಕ್ಟೀರಿಯಾದಿಂದ ಬರೋ ರೋಗ ಅಂತ ನಾರ್ವೆಯ ಹ್ಯಾನ್ಸನ್ 1873ರಲ್ಲೇ ಕಂಡುಹಿಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎಂಡಿಟಿ, ಅಂದರೆ ಒಂದಕ್ಕಿಂತ ಹೆಚ್ಚು ಔಷಧ ಸೇರಿಸಿ ಕೊಡೋ ಮಾತ್ರೆ, ಪುಕ್ಕಟೆ ಸಿಗುತ್ತೆ, ರೋಗದ ಬಗೆ ನೋಡಿ 6 ಅಥವಾ 12 ತಿಂಗಳು. ಶುರುಮಾಡಿದ ಸ್ವಲ್ಪ ದಿನಕ್ಕೇ ಇನ್ನೊಬ್ಬರಿಗೆ ಹರಡೋದು ನಿಲ್ಲುತ್ತೆ. ತಡವಾದರೆ ನರಗಳಿಗೆ ಪೆಟ್ಟು ಬೀಳುತ್ತೆ, ಬೆರಳು ಮಡಚಿಕೊಳ್ಳುತ್ತೆ. ಆ ಪೆಟ್ಟನ್ನು ಮಾತ್ರೆ ಪೂರ್ತಿ ಸರಿಮಾಡಲಾರದು.

ಇಷ್ಟು ಸುಲಭದ ಚಿಕಿತ್ಸೆ ಇದ್ದೂ ಜನ ಮುಚ್ಚಿಡೋದು ಭಯದಿಂದ. ಆ ಭಯಕ್ಕೆ ಕಾರಣವೂ ಇತ್ತು. ಕುಷ್ಠವನ್ನೇ ನೆಪ ಮಾಡಿ ವಿಚ್ಛೇದನ ಕೇಳಲು 2019ರವರೆಗೆ ನಮ್ಮ ಕಾನೂನಿನಲ್ಲೇ ಅವಕಾಶವಿತ್ತು! ಸಂಸತ್ತು ಅದನ್ನು ತೆಗೆದುಹಾಕಿದೆ. ಮನೆಗಳಲ್ಲಿ ಆ ಭಯ ಇನ್ನೂ ಹೋಗಿಲ್ಲ. ಕುಷ್ಠದ ತಪಾಸಣೆಗೆ ಆಶಾ ಕಾರ್ಯಕರ್ತೆ ಬಂದು ‘ಮೈಮೇಲೆ ಮಚ್ಚೆ ಇದೆಯಾಮ್ಮ?’ ಅಂದರೆ ದಯವಿಟ್ಟು ಬಾಗಿಲಲ್ಲೇ ಸಾಗಹಾಕಬೇಡಿ. ಒಳಗೆ ಕರೆದು ಕೂರಿಸಿ, ಮಚ್ಚೆ ಇದ್ದರೆ ತೋರಿಸಿ, ಹುಬ್ಬು ಉದುರ್ತಿದ್ದರೆ ಅದನ್ನೂ ಹೇಳಿ.