ಯಾವ 'ಕೃಷ್ಣಾ ನೀ ಬೇಗನೆ ಬಾರೋ'?

ಹೋದ ವಾರ ನಮ್ಮ ಫ್ಯಾಮಿಲಿ ಗ್ರೂಪಲ್ಲಿ ತಂಗಿ ಒಂದೇ ಒಂದು ಲೈನ್ ಮೆಸೇಜ್ ಹಾಕಿದ್ಲು. ಅಷ್ಟಮಿ ಪ್ರೋಗ್ರಾಮಿಗೆ ಕೂಸು 'ಕೃಷ್ಣಾ ನೀ ಬೇಗನೆ ಬಾರೋ'ಗೆ ಡ್ಯಾನ್ಸ್ ಮಾಡ್ತದೆ, ಯಾರ ಹತ್ರ ಆದ್ರೂ ಒಳ್ಳೆ ಆಡಿಯೋ ಇದ್ರೆ ಕಳ್ಸಿ ಅಂತ. ಮಳೆಗಾಲ, ತೋಟಕ್ಕೆ ಕೊಳೆ ಔಷಧಿ ಹೊಡೆಯಾಕೂ ಬಿಡದ ಮಳೆ, ಎಲ್ಲರೂ ಮನೇಲೇ. ಅರ್ಧ ಗಂಟೇಲಿ ಹದಿನೇಳು ಲಿಂಕ್ ಬಿತ್ತು ಮಾರಾಯ್ರೆ. ಒಂದಕ್ಕೊಂದು ಸಂಬಂಧ ಇಲ್ಲ. ಹೆಸರು ಮಾತ್ರ ಅದೇ.

ಅದ್ರಲ್ಲಿ ಎರಡು ಮೊದಲೇ ಔಟ್. ಸಣ್ಣತ್ತೆ ಕಳ್ಸಿದ್ದು ವಿಷ್ಣುವರ್ಧನ್ ಸಿನಿಮಾದ ಲಿಂಕು, 1986ರದ್ದು, ಹೆಸರು ಅದೇ ಹೌದು, ಆದ್ರೆ ಕೂಸಿಗೆ ಬೇಕಾಗಿದ್ದು ಹಾಡು, ಎರಡೂವರೆ ಗಂಟೆ ಸಿನಿಮಾ ಅಲ್ಲ. ಇನ್ನೊಬ್ರು ಕಳ್ಸಿದ್ದು 'ಬಾರೋ ಕೃಷ್ಣಯ್ಯ'. ಅದು ಕನಕದಾಸರದ್ದು, ಅದ್ರಲ್ಲಿ ಕರೆಯೋದು ಭಕ್ತ, 'ನಿನ್ನ ಭಕ್ತರ ಮನೆಗೀಗ' ಅಂತ ಅಡ್ರೆಸ್ ಕೊಟ್ಟು ಕರೆಯೋದು. ಇದ್ರಲ್ಲಿ ಕರೆಯೋದು ತಾಯಿ. ತಾಯಿ ಅಡ್ರೆಸ್ ಯಾಕೆ ಹೇಳ್ತಾಳೆ. 'ಕೃಷ್ಣ ನೀ ಲೇಟಾಗಿ ಬಾರೋ' ಅಂತಾನೂ ಒಂದು ಸಿನಿಮಾ ಬಂದಿತ್ತು ಅಂತ ನಮ್ಮ ಭಾವ ನೆನಪು ಮಾಡಿದ್ರು, ಭಾವಂಗೆ ಇಂಥ ವಿಷಯ ಮಾತ್ರ ಯಾವತ್ತೂ ಮರೆಯಲ್ಲ.

ಆಮೇಲೆ ಶುರು ಆಗಿದ್ದು ಇದು ಯಾರು ಬರೆದಿದ್ದು ಅಂತ ಜಗಳ. ಅರ್ಧ ಗ್ರೂಪು ಪುರಂದರದಾಸರು ಅಂತು. ನಮ್ಮ ಕಡೆ ಯಾವ ದೇವರನಾಮ ಆದ್ರೂ ಪುರಂದರದಾಸರ ಲೆಕ್ಕಕ್ಕೇ ಹೋಗೋದು. ಇದು ವ್ಯಾಸರಾಯರದ್ದು. ಪುರಂದರದಾಸರಿಗೂ ಕನಕದಾಸರಿಗೂ ಗುರು ಅಂತ ಹೇಳ್ತಾರಲ್ಲ, ವಿಜಯನಗರದ ಕೃಷ್ಣದೇವರಾಯನ ಕಾಲದವರು, 1539ರಲ್ಲಿ ತೀರಿಕೊಂಡಿದ್ದು, ಆನೆಗುಂದಿ ಹತ್ರ ನವವೃಂದಾವನದಲ್ಲಿ ಅವರ ವೃಂದಾವನ ಇದೆ. ಕಡೇ ಚರಣ ನೋಡಿ, 'ಪುರಂದರ ವಿಠಲ' ಇಲ್ಲ, 'ನಮ್ಮ ಉಡುಪಿ ಶ್ರೀಕೃಷ್ಣ' ಅಂತ ಇದೆ. 'ಶ್ರೀಕೃಷ್ಣ' ಅಂದ್ರೆ ವ್ಯಾಸರಾಯರ ಅಂಕಿತ, ಸಹಿ ಅಲ್ಲೇ ಇದೆ. ಇಷ್ಟು ಟೈಪ್ ಮಾಡಿದ್ಮೇಲೆ ಗ್ರೂಪಲ್ಲಿ ಎರಡು ನಿಮಿಷ ಯಾರೂ ಮಾತಾಡಲಿಲ್ಲ, ಆಮೇಲೆ ದೊಡ್ಡಣ್ಣ 'ಅಡ್ಡಿಲ್ಲೆ' ಅಂತ ಒಂದು ಶಬ್ದ ಹಾಕಿದ. ಶಿರಸಿ ಕಡೆಯವರಿಗೆ ಗೊತ್ತು, ಅದು ಒಪ್ಪಿಗೆನೂ ಹೌದು, ಸಾಕು ಮಾಡು ಅನ್ನೋದೂ ಹೌದು.

ಮರುದಿನ ಕಾರವಾರದಿಂದ ಊರಿಗೆ ಹೊರಟಿದ್ದೆ, ದೇವಿಮನೆ ಘಟ್ಟದಲ್ಲಿ ನೆಟ್‌ವರ್ಕ್ ಸತ್ತುಹೋಗ್ತದಲ್ಲ, ಡೌನ್‌ಲೋಡ್ ಆಗಿದ್ದು ಈ ಹಾಡಿನ ಏಳೆಂಟು ವರ್ಶನ್ ಮಾತ್ರ. ಹೊರಗೆ ಮಂಜು, ವೈಪರ್ ಸದ್ದು, ಒಳಗೆ ಒಬ್ಬರಾದ ಮೇಲೆ ಒಬ್ಬರು ಕೃಷ್ಣನ್ನ ಕರೀತಿದಾರೆ. ಅಲ್ಲೇ ತಲೆಯಲ್ಲಿ ರ್‍ಯಾಂಕ್ ಕೊಡೋಕೆ ಶುರು ಮಾಡಿದ್ದು. ನಾನು ಸಂಗೀತ ಕಲಿತವನಲ್ಲ, ಕೇಳೋ ಚಟ ಇರೋನು ಅಷ್ಟೆ. ಹಾಗಾಗಿ ನನ್ನ ಅಳತೆಗೋಲು ಸ್ವಲ್ಪ ಬೇರೆ, ಅದನ್ನ ಮೊದಲು ಹೇಳಿಬಿಡ್ತೀನಿ.

ಈ ಹಾಡಿನ ಹೆಸರಲ್ಲೇ 'ಬೇಗನೆ' ಇದೆ, ಹಾಡು ಮಾತ್ರ ನಿಧಾನ. ಯಮುನಾ ಕಲ್ಯಾಣಿ ರಾಗ, ಮಿಶ್ರಛಾಪು ತಾಳ, ಅಂದ್ರೆ ಏಳರ ಲೆಕ್ಕ, ಮೂರು ನಾಲ್ಕು ಮೂರು ನಾಲ್ಕು ಅಂತ ಪುಟ್ಟ ಮಗು ತಡವರಿಸಿ ಹೆಜ್ಜೆ ಇಟ್ಟ ಹಾಗೆ. ನಮ್ಮ ಕಡೆ ಹಿಂದೂಸ್ತಾನಿ ಕಿವಿ ಜಾಸ್ತಿ, ಯಮನ್ ಕಲ್ಯಾಣ್ ಕೇಳಿದವರಿಗೆ ಇದು ನೆಂಟರ ಮನೆ ಅನ್ನಿಸ್ತದೆ, ಶುದ್ಧ ಮಧ್ಯಮ ಅನ್ನೋ ಸ್ವರ ಒಂದು ಕ್ಷಣ ಬಂದು ಇಣುಕಿ ಹೋಗೋ ಕಡೆ. ಬೇಗ ಬಾ ಅನ್ನೋಳು ಯಾಕೆ ಇಷ್ಟು ನಿಧಾನ ಹಾಡ್ತಾಳೆ ಅಂತ ನಂಗೆ ಬಹಳ ವರ್ಷ ಗೊತ್ತಾಗಿರಲಿಲ್ಲ. ನಾನು ಸಣ್ಣಿರುವಾಗ ನಮ್ಮ ಆಯಿ, ಅಂದ್ರೆ ಅಮ್ಮ, ಊಟಕ್ಕೆ ಕರೀತಿದ್ದು ನೆನಪು ಮಾಡ್ಕೊಂಡೆ. ಮೊದಲ್ನೇ ಸಲ 'ಬಾರೋ ಮಾಣೀ...' ಅಂತ ಅಂಗಳದ ತುದಿ ತನಕ ಎಳೀತಿದ್ಲು. ಎರಡನೇ ಸಲ ಎಳೆತ ಅರ್ಧ. ಮೂರನೇ ಸಲಕ್ಕೆ ರಾಗ ಇಲ್ಲ, ಕೈಯಲ್ಲಿ ಸೌಟು ಇರ್ತಿತ್ತು. ಹಾಡಲ್ಲಿರೋದು ಆ ಮೊದಲ್ನೇ ಕರೆ.

ಇನ್ನೊಂದು ವಿಷಯ. ಚರಣಗಳನ್ನ ಸುಮ್ನೆ ಓದಿ ನೋಡಿ. ಕಾಲಲ್ಲಿ ಅಂದಿಗೆ, ಗೆಜ್ಜೆ, ಬೆರಳಲ್ಲಿ ಉಂಗುರ, ಕೊರಳಲ್ಲಿ ವೈಜಯಂತಿ ಮಾಲೆ. ಇಷ್ಟು ದೂರದಿಂದ್ಲೂ ಕಾಣ್ತದೆ, ಅಥವಾ ತಾಯಿ ಬೆಳಿಗ್ಗೆ ತಾನೇ ಹಾಕಿ ಕಳ್ಸಿದ್ದು, ಗೊತ್ತಿರ್ತದೆ. ಆದ್ರೆ ಮುಂದೆ 'ಪೂಸಿದ ಶ್ರೀಗಂಧ ಮೈಯೊಳು ಘಮ ಘಮ' ಅಂತ ಬರ್ತದೆ. ಗಂಧದ ಪರಿಮಳ ಅಂಗಳದ ತುದೀಲಿ ನಿಂತವನಿಂದ ಬರಲ್ಲ ಸ್ವಾಮಿ. ಅಂದ್ರೆ ಅಷ್ಟೊತ್ತಿಗೆ ಅವನು ಹತ್ರ ಬಂದಾಗಿದೆ, ತೊಡೆ ಮೇಲೇ ಇದಾನೋ ಏನೋ. ಆದ್ರೂ ಪಲ್ಲವಿಗೆ ವಾಪಸ್ ಹೋಗಿ ಮತ್ತೆ 'ಬೇಗನೆ ಬಾರೋ'. ಬಂದವನ್ನ ಯಾರಾದ್ರೂ ಕರೀತಾರಾ? ನನ್ನ ಪ್ರಕಾರ ಈ ಹಾಡಿನ ಇಡೀ ಮಜಾ ಇರೋದು ಇಲ್ಲಿ. ಕೃಷ್ಣ ಬಂದ್ನೋ ಇಲ್ವೋ ಅನ್ನೋದಕ್ಕೆ ಒಬ್ಬೊಬ್ರು ಒಂದೊಂದು ಉತ್ತರ ಹಾಡ್ತಾರೆ. ಹಾಗಾಗಿ ನಾನು ನೋಡೋದು 'ಘಮ ಘಮ' ಬಂದಾಗ ದನಿ ಬದಲಾಗ್ತದಾ ಅಂತ.

ಈ ಲೆಕ್ಕದಲ್ಲಿ ಕಟ್ಟಕಡೆಗೆ ಹೋಗೋದು ಆ ಫಾಸ್ಟ್ ಬೀಟ್ ಹಾಕಿದ ಡ್ಯಾನ್ಸ್ ಟ್ರ್ಯಾಕುಗಳು, ಅಂಥವೇ ಆರೋ ಏಳೋ ಇತ್ತು ಹದಿನೇಳರಲ್ಲಿ. ಏಳರ ತಾಳವನ್ನ ಎಳ್ಕೊಂಡು ಹೋಗಿ ನಾಲ್ಕಕ್ಕೆ ಕೂರಿಸಿದಾರೆ, 'ಬೇಗನೆ' ಅನ್ನೋದನ್ನ ಅಕ್ಷರಶಃ ತಗೊಂಡಿದಾರೆ ಪಾಪ. ಘಮಘಮ ಬರೋ ಹೊತ್ತಿಗೆ ಡ್ರಮ್ಸ್ ಎಷ್ಟು ಜೋರಿರ್ತದೆ ಅಂದ್ರೆ ಪರಿಮಳ ಬಿಡಿ, ಹೊಗೆ ಬಂದ್ರೂ ಗೊತ್ತಾಗಲ್ಲ.

ಅದರ ಮೇಲಿನ ಜಾಗ ಭಜನೆ ವರ್ಶನ್ನಿಗೆ, ನಮ್ಮ ಆಯಿದೂ ಸೇರಿ. ಇದನ್ನ ಆಯಿ ಓದ್ತಾಳೆ ಅಂತ ಗೊತ್ತಿದ್ದೂ ಬರೀತಾ ಇದೀನಿ. ಅಮ್ಮ ಹಾಡಿದ್ದೇ ನಂಬರ್ ಒನ್ ಅಂತ ಎಲ್ಲಾರೂ ಪೋಸ್ಟ್ ಹಾಕ್ತಾರೆ, ನಂಗೆ ಆಗಲ್ಲ. ಆಯಿ ಶ್ರುತಿ ಪೆಟ್ಟಿಗೆಗೂ ತನಗೂ ಸಂಬಂಧ ಇಲ್ಲದ ಹಾಗೆ ಹಾಡ್ತಾಳೆ, 'ನೀಲದ ಬಾವುಲಿ' ಅನ್ನೋದನ್ನ ನಲವತ್ತು ವರ್ಷದಿಂದ 'ನೀಲದ ಬಾವಲಿ' ಅಂತ್ಲೇ ಹೇಳ್ತಾಳೆ. ಬಾವುಲಿ ಅಂದ್ರೆ ಆಭರಣ, ಬಾವಲಿ ಅಂದ್ರೆ ಅಡಿಕೆ ತೋಟದಲ್ಲಿ ರಾತ್ರಿ ಹಾರೋದು. ಭಜನೇಲಿ ಕೃಷ್ಣ ಬಂದ್ನೋ ಇಲ್ವೋ ಅಂತ ಯಾರೂ ತಲೆ ಕೆಡಿಸ್ಕೊಳ್ಳಲ್ಲ, ಮಂಗಳಾರತಿ ಆಗ್ತದೆ, ಪಂಚಕಜ್ಜಾಯ ಬರ್ತದೆ.

ಮೂರನೇ ಸ್ಥಾನಕ್ಕೆ ಎಷ್ಟೋ ಜನ ಬೈಬಹುದು. ಒಂದು ಮಳೆಗಾಲ ಶಿರಸೀಲಿ ಯಕ್ಷಗಾನ ಗಾನವೈಭವದಲ್ಲಿ ಒಬ್ಬ ಭಾಗವತರು ಇದೇ ಹಾಡು ಎತ್ತಿಕೊಂಡ್ರು. ಮದ್ದಳೆ ಮೆತ್ತಗೆ, ಚಂಡೆ ಇನ್ನೂ ಮುಟ್ಟಿರಲಿಲ್ಲ. 'ಮುಖವನ್ನೆ ತೋರೋ' ಅನ್ನೋದನ್ನ ಆ ಮಹಾನುಭಾವ ನಾಲ್ಕು ಥರ ಹಾಡಿದ್ರು, ಆವಾಗ ಒಂದು ತಮಾಷೆ ಗಮನಿಸಿದೆ, ಸಭೇಲಿ ಕೂತ ಅರ್ಧ ಜನ ರಂಗಸ್ಥಳದ ಬದಿಗೆ ಕಣ್ಣು ಹಾಕ್ತಿದ್ರು. ಯಾಕಂದ್ರೆ ನಮ್ಮ ಜನಕ್ಕೆ ಭಾಗವತರು ಕರೆದ್ರು ಅಂದ್ರೆ ಚೌಕಿಯಿಂದ, ಅಂದ್ರೆ ಬಣ್ಣ ಹಚ್ಚೋ ಕೋಣೆಯಿಂದ, ವೇಷ ಹೊರಗೆ ಬರಲೇಬೇಕು, ತಲೆತಲಾಂತರದ ಅಭ್ಯಾಸ. ಗಾನವೈಭವದಲ್ಲಿ ವೇಷ ಎಲ್ಲಿಂದ ಬರಬೇಕು. ಕೃಷ್ಣ ಬರಲಿಲ್ಲ, ಆದ್ರೆ ಬರ್ತಾನೆ ಅಂತ ಇನ್ನೂರು ಜನ ಕಾದ್ರಲ್ಲ, ಅದು ಬೇರೆ ಯಾವ ವರ್ಶನ್ನಿಗೂ ಆಗಿಲ್ಲ. ಕಡೇ ಚರಣಕ್ಕೆ ಚಂಡೆ ಬಿಟ್ಟು ಸ್ವಲ್ಪ ಹಾಳು ಮಾಡಿದ್ರು, ಇಲ್ದಿದ್ರೆ ಇನ್ನೂ ಮೇಲೆ ಹೋಗ್ತಿತ್ತು.

ಎರಡನೇದು ಕಲೋನಿಯಲ್ ಕಸಿನ್ಸ್ ಅನ್ನೋ ಜೋಡಿ ಹಾಡಿದ್ದು. ಹರಿಹರನ್ ಮತ್ತೆ ಲೆಸ್ಲಿ ಲೂಯಿಸ್, 1996. ದೊಡ್ಡಣ್ಣ ಇದನ್ನ ಲಿಸ್ಟಿಗೇ ಸೇರಿಸಬಾರದು ಅಂತಾನೆ, ದೇವರನಾಮಕ್ಕೆ ಗಿಟಾರ್ ಯಾಕೆ ಅಂತ. ಅಣ್ಣಯ್ಯಾ, ದೇವರ ಮುಂದಿರೋ ಹಾರ್ಮೋನಿಯಂ ಯಾವ ದಾಸರ ಕಾಲದ್ದು ಹೇಳು ನೋಡೋಣ. ಆ ಕ್ಯಾಸೆಟ್ಟು ನಮ್ಮ ಹಾಸ್ಟೆಲ್ಲಲ್ಲಿ ಒಂದೇ ಇತ್ತು, ಒಂದು ರೂಮಿಂದ ಇನ್ನೊಂದು ರೂಮಿಗೆ ಹೋಗಿ ಹೋಗಿ ಟೇಪು ಎಳೆದುಬಿಟ್ಟಿತ್ತು, ಪೆನ್ಸಿಲ್ ಹಾಕಿ ಸುತ್ತಿ ಸುತ್ತಿ ಕೇಳ್ತಿದ್ವಿ. ಚೆನ್ನೈ ಕಡೆಯ ರೂಮ್‌ಮೇಟ್ ಒಬ್ಬ ಇದು ತಮಿಳು ಹಾಡು ಅಂತ ಪಂದ್ಯ ಕಟ್ಟಿದ್ದ, ಸೋತು ಎರಡು ಪ್ಲೇಟ್ ಬನ್ಸ್ ಕೊಡಿಸಿದ. ಕನ್ನಡದವನಾಗಿ ಇಂಗ್ಲಿಷ್ ಹಾಡಿನ ನಡುವೆ 'ಬಾರೋ' ಅನ್ನೋ ಶಬ್ದ ಕೇಳಿದಾಗ ಮೈಮೇಲೆ ಬಂದ ಮುಳ್ಳು ಇವತ್ತಿಗೂ ನೆನಪಿದೆ. ಈ ಹಾಡಲ್ಲಿ ತಾಯಿ ಇಲ್ಲ. ಲೋಕ ಕೆಟ್ಟು ಹೋಗಿದೆ, ಅಣ್ಣ ತಮ್ಮಂದಿರು ಹೊಡೆದಾಡ್ತಿದಾರೆ, ಯೇಸು ಆಗಿ ಬಾ, ರಾಮ ಆಗಿ ಬಾ, ಯಾರಾದ್ರೂ ಆಗಿ ಬಾ ಅಂತ ಇಂಗ್ಲಿಷಲ್ಲಿ ಕೇಳ್ತಾರೆ. ಬಾಬರಿ ಮಸೀದಿ ಬಿದ್ದು, ಮುಂಬೈಯಲ್ಲಿ ಗಲಭೆ, ಬಾಂಬು ಎಲ್ಲ ಆಗಿ ಮೂರ್ನಾಲ್ಕು ವರ್ಷ ಅಷ್ಟೇ ಆಗಿತ್ತು, ಅದನ್ನ ಮರೆತು ಈ ಹಾಡು ಕೇಳಬಾರದು. ಇಲ್ಲಿ ನನ್ನ ಘಮಘಮ ಟೆಸ್ಟ್ ನಡೆಯಲ್ಲ. ಇಲ್ಲಿ ಕೃಷ್ಣ ಬಂದಿಲ್ಲ, ಬರೋ ಲಕ್ಷಣಾನೂ ಇಲ್ಲ, ಅದನ್ನ ಅವರು ಮುಚ್ಚಿಟ್ಟಿಲ್ಲ. ಹಾಗಾಗಿ ಎರಡನೇದು.

ಮೊದಲ್ನೇದು ಭರತನಾಟ್ಯದ ಬಾಲಸರಸ್ವತಿ. ಅದು ಡ್ಯಾನ್ಸು, ಹಾಡಲ್ಲ ಅಂತ ಕಾಮೆಂಟ್ ಹಾಕೋರು ಹಾಕಿ, ಪರವಾಗಿಲ್ಲ. ಸತ್ಯಜಿತ್ ರಾಯ್ 1976ರಲ್ಲಿ ಅವರ ಮೇಲೆ 'ಬಾಲಾ' ಅಂತ ಅರ್ಧ ಗಂಟೆ ಚಿಲ್ಲರೆ ಡಾಕ್ಯುಮೆಂಟರಿ ಮಾಡಿದ್ರು. ಅದ್ರಲ್ಲಿ ಈ ಹಾಡಿಗೆ ಅವರು ಸಮುದ್ರದ ದಂಡೇಲಿ ಕುಣೀತಾರೆ. ಕುಣಿಯೋದು ಅಂದ್ರೆ ತಪ್ಪು, ಹೆಚ್ಚುಕಮ್ಮಿ ನಿಂತಲ್ಲೇ ಕೈ, ಕಣ್ಣು, ಮುಖ. 1918ರಲ್ಲಿ ಹುಟ್ಟಿದವರು, ಅಂದ್ರೆ ಹತ್ತತ್ರ ಅರವತ್ತು ವಯಸ್ಸು. ದಪ್ಪ ಆಗಿದಾರೆ. ಸ್ಟೇಜ್ ಇಲ್ಲ, ಲೈಟಿಂಗ್ ಇಲ್ಲ, ಹಿಂದೆ ಅಲೆ, ಮೈಮೇಲೆ ಗಾಳಿ. ಎದುರಿಗೆ ಯಾವ ಮಗೂನೂ ಇಲ್ಲ. ಆದ್ರೆ ಅವರು ಕಣ್ಣು ಕೆಳಗೆ ಇಳಿಸಿ ನೋಡಿದ್ರೆ ಮರಳಲ್ಲಿ ಒಬ್ಬ ನಿಂತಿದಾನೆ, ಎತ್ತರಾನೂ ಗೊತ್ತಾಗ್ತದೆ. ಇದನ್ನ ಮೊದಲ್ನೇ ಸಲ ನೋಡಿದ್ದು ಫೋನಲ್ಲಿ, ಕಾರವಾರದ ಟ್ಯಾಗೋರ್ ಬೀಚಲ್ಲಿ ಕೂತು. ಅವರದ್ದು ಆ ಕಡೆ ಸಮುದ್ರ, ನಂದು ಈ ಕಡೆ ಸಮುದ್ರ, ಇಯರ್‌ಫೋನಲ್ಲಿ ಆ ಅಲೆ, ಹೊರಗೆ ಈ ಅಲೆ, ಯಾವುದು ಯಾವುದು ಅಂತ ಗೊತ್ತಾಗದೆ ಎರಡು ಸಲ ಇಯರ್‌ಫೋನ್ ತೆಗೆದು ನೋಡಿದೀನಿ. ಅವರಿಗೆ ಕನ್ನಡ ಮಾತೃಭಾಷೆ ಅಲ್ಲ, ಆದ್ರೆ 'ಬಾರೋ' ಅನ್ನೋದ್ರಲ್ಲಿ ಆ 'ರೋ' ಇದೆಯಲ್ಲ, ಸಲಿಗೆ, ಸ್ವಲ್ಪ ಗದರಿಕೆ, ಅದು ಅವರ ಕೈಯಲ್ಲಿದೆ. 'ಬಾರಯ್ಯ' ಅಲ್ಲ, 'ಬನ್ನಿ' ಅಲ್ಲ. ಬಂದವನ್ನ ಯಾಕೆ ಮತ್ತೆ ಕರೀತಾಳೆ ಅಂತ ಕೇಳಿದ್ನಲ್ಲ, ಉತ್ತರ ನಂಗೆ ಸಿಕ್ಕಿದ್ದು ಇಲ್ಲೇ. ಮಗ ಹತ್ರ ಇದ್ರೂ ಕರೀತಾಳೆ, ಕರೆಯೋದೇ ಮುದ್ದು. ನಾಯಿಮರಿನೂ ಹಾಗೇ ಕರೀತೀವಲ್ಲ, ಕಾಲ ಬುಡದಲ್ಲೇ ಇರ್ತದೆ.

ಇದನ್ನೆಲ್ಲ ಗ್ರೂಪಲ್ಲಿ ಹಾಕಿದೆ. ಮನೆ ಮುಟ್ಟಿದ ಮೇಲೆ ಕೂಸಿಗೆ ಬಾಲಸರಸ್ವತಿ ವಿಡಿಯೋನೂ ತೋರಿಸಿದೆ. ಮೂರು ನಿಮಿಷ ಸುಮ್ನೆ ನೋಡ್ತು. ಆಮೇಲೆ "ಮಾವ, ಈ ಅಜ್ಜಿ ಯಾರನ್ನ ನೋಡ್ತಿದ್ದು?" ಅಂತ ಕೇಳ್ತು. ಕೃಷ್ಣನ್ನ ಅಂದೆ. "ಅಂವ ಸ್ಕ್ರೀನಲ್ಲಿ ಯಾಕೆ ಬರ್ತಾ ಇಲ್ಲೆ?" ಅಂತು. ನಾನು ಉತ್ತರ ಯೋಚನೆ ಮಾಡೋದ್ರೊಳಗೆ ಫೋನ್ ಕಸಿದುಕೊಂಡು ಡ್ರಮ್ಸ್ ಇರೋ ಟ್ರ್ಯಾಕ್ ಹಾಕ್ತು, ಟೀಚರ್ ಅದನ್ನೇ ಫೈನಲ್ ಮಾಡಿದಾರಂತೆ, ಹದಿನೇಳು ಲಿಂಕ್ ಕೇಳೋಕೆ ಮುಂಚೇನೇ. ಈಗ ಜಗಲೀಲಿ ಪ್ರಾಕ್ಟೀಸ್ ನಡೀತಾ ಇದೆ, ಆಯಿ ಒಳಗಿಂದ ತಾನೂ ಸೇರಿಕೊಂಡು ಹಾಡ್ತಿದಾಳೆ, ತಾಳಕ್ಕೆ ಸರಿಯಾಗಿ ಅರ್ಧ ಸಾಲು ಹಿಂದೆ. ಬಾವಲಿ ಅಂತ್ಲೇ.